ಟಿಕ್: ಬೇಕಂತ ಮಾಡುವುದೋ, ತಾನಾಗಿ ಆಗುವುದೋ?

ಟಿಕ್ ಪಾಠ ಓದುವಾಗ ನಾನು ಎಡವಿದ್ದು ಈ ಪ್ರಶ್ನೆಯಲ್ಲೇ. ಉತ್ತರ ಎರಡೂ ಅಲ್ಲ, ನಡುವಿನದು.

ಮೊದಲು ಟಿಕ್ ಅಂದರೇನು ನೋಡೋಣ. ಥಟ್ಟನೆ, ಮತ್ತೆ ಮತ್ತೆ ಬರುವ, ತಾಳವಿಲ್ಲದ ಚಲನೆ ಅಥವಾ ಸದ್ದು. ಕಣ್ಣು ಮಿಟುಕಿಸುವುದು, ಮುಖ ಕಿವುಚುವುದು, ಹೆಗಲು ಕುಲುಕುವುದು ಚಲನೆಯ ಟಿಕ್‌ಗಳು. ಗಂಟಲು ಸರಿಮಾಡಿಕೊಳ್ಳುವುದು, ಮೂಗು ಸೊರ್ ಅನ್ನಿಸುವುದು ಸದ್ದಿನವು. ‘ತಾಳವಿಲ್ಲದ’ ಅನ್ನುವ ಪದಕ್ಕೆ ಗೆರೆ ಹಾಕಿಕೊಳ್ಳಿ. ಮೂರು ವರ್ಷ ತುಂಬುವ ಮುಂಚೆಯೇ ಶುರುವಾಗಿ, ಒಂದೇ ಲಯದಲ್ಲಿ ಕೈ ಬಡಿಯುತ್ತಿದ್ದರೆ ಅದು ಬಹುಶಃ ಟಿಕ್ ಅಲ್ಲ, ಸ್ಟೀರಿಯೋಟೈಪಿ, ಅಂದರೆ ಒಂದೇ ಥರ ಲಯಬದ್ಧವಾಗಿ ಮರುಕಳಿಸುವ ಚಲನೆ.

ಈಗ ಆ ನಡುವಿನ ಜಾಗ. ಟಿಕ್ ಬರುವ ಮುಂಚೆ ಆ ಭಾಗದಲ್ಲಿ ಏನೋ ಬಿಗಿತ, ತುರಿಕೆ, ಒತ್ತಡ. ಟಿಕ್ ಆದ ಕೂಡಲೇ ಸ್ವಲ್ಪ ಹಗುರ. ಸೀನು ಬರುವ ಮುಂಚೆ ಮೂಗಿನಲ್ಲಿ ಆಗುತ್ತದಲ್ವಾ, ಹಾಗೆ. ಕೊಂಚ ಹೊತ್ತು ತಡೆಯಬಹುದು, ಆದರೆ ಗಮನವೆಲ್ಲ ಅದಕ್ಕೇ ಹೋಗುತ್ತದೆ. ತರಗತಿಯಲ್ಲಿ ಹೇಗೋ ತಡೆದುಕೊಂಡ ಮಗು ಮನೆಗೆ ಬಂದ ಮೇಲೆ ಬಿಟ್ಟುಬಿಡುತ್ತದೆ. ‘ಅಲ್ಲಿ ಸುಮ್ನಿರ್ತೀಯ, ಇಲ್ಲಿ ಮಾತ್ರ ನಾಟಕ’ ಅನ್ನುವ ಬೈಗುಳ ಹುಟ್ಟುವುದು ಇಲ್ಲೇ. ಚಿಕ್ಕ ಮಕ್ಕಳಿಗಂತೂ ಟಿಕ್ ಬರುವ ಸುಳಿವೇ ಎಷ್ಟೋ ಸಲ ಗೊತ್ತಾಗುವುದಿಲ್ಲ.

ಪರೀಕ್ಷೆಯಲ್ಲಿ ಕೇಳುವುದು ಮಾತ್ರ ವಿಧಗಳನ್ನು. ಡಿಎಸ್‌ಎಂ-5 (ಮನೋರೋಗಗಳನ್ನು ಗುರುತಿಸುವ ಅಮೆರಿಕದ ಕೈಪಿಡಿ) ಪ್ರಕಾರ ಮುಖ್ಯ ವಿಧ ಮೂರು, ಮೂರಕ್ಕೂ ಶುರು 18 ವರ್ಷಕ್ಕೆ ಮುಂಚೆ. ಒಂದು ವರ್ಷ ಆಗಿಲ್ಲದಿದ್ದರೆ ತಾತ್ಕಾಲಿಕ. ವರ್ಷ ದಾಟಿ, ಬರೀ ಚಲನೆ ಅಥವಾ ಬರೀ ಸದ್ದು ಇದ್ದರೆ ದೀರ್ಘಕಾಲದ್ದು. ವರ್ಷ ದಾಟಿ, ಹಲವು ಚಲನೆಯ ಟಿಕ್, ಕನಿಷ್ಠ ಒಂದು ಸದ್ದಿನ ಟಿಕ್, ಎರಡೂ ಸೇರಿದರೆ ಟುರೆಟ್. ಎರಡೂ ಒಂದೇ ಹೊತ್ತಿನಲ್ಲಿ ಕಾಣಿಸಬೇಕೆಂದಿಲ್ಲ. ಫ್ರಾನ್ಸಿನ ವೈದ್ಯ ಜಿಲ್ ದ ಲಾ ಟುರೆಟ್ 1885ರಲ್ಲಿ ಒಂಬತ್ತು ರೋಗಿಗಳ ಬಗ್ಗೆ ಬರೆದದ್ದರಿಂದ ಈ ಹೆಸರು. ಟುರೆಟ್ ಅಂದರೆ ಕೆಟ್ಟ ಬೈಗುಳ ಉದುರಿಸುವುದು ಅಂತ ಸಿನಿಮಾ ನೋಡಿ ನಂಬಿದ್ದೆ. ಅದು ಇರುವುದು ಕೆಲವರಲ್ಲಿ ಮಾತ್ರ.

ಸಾಮಾನ್ಯವಾಗಿ 4ರಿಂದ 6 ವರ್ಷದಲ್ಲಿ ಶುರು, 10ರಿಂದ 12ರಲ್ಲಿ ಜೋರು, ಆಮೇಲೆ ಬಹುತೇಕರಲ್ಲಿ ಇಳಿಮುಖ. ನಡುವೆ ವಾರಗಟ್ಟಲೆ ಏರುಪೇರು. ಇವತ್ತು ಕಣ್ಣು, ಮುಂದಿನ ತಿಂಗಳು ಕತ್ತು. ಎಷ್ಟೋ ಮಕ್ಕಳಿಗೆ ಟಿಕ್‌ಗಿಂತ ಜೊತೆಗೆ ಬರುವ ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಚಡಪಡಿಕೆ), ಒಸಿಡಿ (ಬೇಡವೆಂದರೂ ಕಾಡುವ ಯೋಚನೆ, ಮತ್ತೆ ಮತ್ತೆ ಮಾಡುವ ಕೆಲಸ) ಇವುಗಳದ್ದೇ ಜಾಸ್ತಿ ಕಾಟ. ದೊಡ್ಡವರಲ್ಲಿ ಕಾಣುವ ಟಿಕ್ ಹೆಚ್ಚಾಗಿ ಬಾಲ್ಯದ್ದೇ ಉಳಿಕೆ ಅಥವಾ ಮರುಕಳಿಕೆ. ಹಿಂದೆಂದೂ ಇಲ್ಲದೆ ಹೊಸದಾಗಿ ಬಂದರೆ ಔಷಧಿ, ಮಾದಕ ವಸ್ತು, ಮೆದುಳಿನ ಪೆಟ್ಟು, ಫಂಕ್ಷನಲ್ ತೊಂದರೆ (ಮೆದುಳಿನ ರಚನೆಯಲ್ಲಿ ಹಾನಿ ಕಾಣದಿದ್ದರೂ ಅದರ ಕೆಲಸದಲ್ಲಿ ಏರುಪೇರು) ಇವನ್ನೆಲ್ಲ ಹುಡುಕಬೇಕು.

ಟಿಕ್ ಹಗುರವಿದ್ದು ಮಗುವಿಗೆ ಏನೂ ತೊಂದರೆ ಇಲ್ಲದಿದ್ದರೆ ಚಿಕಿತ್ಸೆಯೇ ಬೇಡ. ಬೇಕಾದರೆ ಮೊದಲ ಆಯ್ಕೆ ಸಿಬಿಐಟಿ ಎಂಬ ವರ್ತನಾ ಚಿಕಿತ್ಸೆ. ಅದು ನಿಂತಿರುವುದು ಆ ನಡುವಿನ ಜಾಗದಲ್ಲೇ. ಸುಳಿವು ಸಿಕ್ಕ ಕೂಡಲೇ ಟಿಕ್‌ಗೆ ಅಡ್ಡವಾಗುವ ಬೇರೊಂದು ಚಲನೆ ಮಾಡಿ, ಆ ಒತ್ತಡ ಇಳಿಯುವ ತನಕ ಹಿಡಿದಿಡುವುದು. ಹೆಗಲು ಕುಲುಕುವ ಮಗುವಾದರೆ ಮೊಣಕೈಯನ್ನು ಪಕ್ಕೆಗೆ ಮೆಲ್ಲಗೆ ಒತ್ತಿಕೊಳ್ಳುತ್ತದೆ. ಇದು ಸಾಲದಿದ್ದರೆ ಕ್ಲೋನಿಡಿನ್, ಅರಿಪಿಪ್ರಜೋಲ್‌ನಂಥ ಔಷಧಿಗಳು, ವೈದ್ಯರು ನೋಡಿಯೇ ಕೊಡುವಂಥವು.