ಎಂಕ್ಯಾಟ್‌ಗೆ ಆರ್ಗ್ಯಾನಿಕ್ ಎರಡನೇ ಸೆಮಿಸ್ಟರ್ ಬೇಕಾ?

ಪ್ರಶ್ನೆ: ಮಗಳು ಅಮೆರಿಕದಲ್ಲಿ ಪ್ರೀ-ಮೆಡ್ (ಮೆಡಿಕಲ್ ಸ್ಕೂಲ್ ಸೇರುವ ಮುಂಚಿನ ಕಾಲೇಜು ಓದು) ಓದುತ್ತಿದ್ದಾಳೆ. ಮುಂದೆ ಎಂಕ್ಯಾಟ್, ಅಂದರೆ ಅಲ್ಲಿನ ಮೆಡಿಕಲ್ ಪ್ರವೇಶ ಪರೀಕ್ಷೆ ಬರೆಯಬೇಕು. ಆರ್ಗ್ಯಾನಿಕ್ ಕೆಮಿಸ್ಟ್ರಿ ಮೊದಲ ಸೆಮಿಸ್ಟರ್ ಮುಗಿದಿದೆ. "ಎಂಕ್ಯಾಟ್‌ನಲ್ಲಿ ಆರ್ಗ್ಯಾನಿಕ್ ಇರೋದೇ ಕಮ್ಮಿ, ಎರಡನೇದು ಬಿಟ್ಟು ಸೀದಾ ಬಯೋಕೆಮಿಸ್ಟ್ರಿ ತಗೊಳ್ತೀನಿ" ಅನ್ನುತ್ತಾಳೆ. ಇದು ಸರೀನಾ?

ಉತ್ತರ: ಮಗಳ ಲೆಕ್ಕ ಸರಿಯಾಗಿಯೇ ಇದೆ. ಎಂಕ್ಯಾಟ್‌ನಲ್ಲಿ ಒಟ್ಟು 230 ಪ್ರಶ್ನೆ. ಪರೀಕ್ಷೆ ನಡೆಸುವ ಎಎಎಂಸಿ (ಅಮೆರಿಕದ ಮೆಡಿಕಲ್ ಕಾಲೇಜುಗಳ ಸಂಘ) ಯಾವ ವಿಷಯದ ಪಾಲು ಎಷ್ಟು ಅಂತ ತಾನೇ ಹೇಳಿದೆ. ಕೆಮಿಸ್ಟ್ರಿ-ಫಿಸಿಕ್ಸ್ ಭಾಗದ 59 ಪ್ರಶ್ನೆಗಳಲ್ಲಿ ಆರ್ಗ್ಯಾನಿಕ್ ಸುಮಾರು ಶೇ. 15. ಬಯಾಲಜಿ ಭಾಗದ 59ರಲ್ಲಿ ಬರೀ ಶೇ. 5. ಕೂಡಿದರೆ ಹನ್ನೆರಡು ಪ್ರಶ್ನೆಯ ಆಸುಪಾಸು. ಬಯೋಕೆಮಿಸ್ಟ್ರಿಗೆ ಎರಡೂ ಕಡೆ ಸುಮಾರು ಶೇ. 25, ಅಂದರೆ ಮೂವತ್ತರ ಹತ್ತಿರ. 2015ರಲ್ಲಿ ಪರೀಕ್ಷೆಯ ಸ್ವರೂಪ ಬದಲಾದಾಗಲೇ ಈ ಅದಲು ಬದಲು ಆಗಿದ್ದು. ಅದಕ್ಕೂ ಮುಂಚೆ ಬರೆದ ಅಣ್ಣಂದಿರು, ಕಸಿನ್‌ಗಳು "ಆರ್ಗ್ಯಾನಿಕ್ ಅರೆದು ಕುಡಿ" ಅಂದರೆ ಸುಮ್ನೆ ತಲೆಯಾಡಿಸಿ ಬಿಟ್ಟುಬಿಡಿ.

ಆದರೆ ಆ ಹನ್ನೆರಡು ಪ್ರಶ್ನೆ ಎಲ್ಲಿಂದ ಬರುತ್ತವೆ ಅನ್ನುವುದನ್ನೂ ನೋಡಬೇಕಲ್ವಾ? ಎಎಎಂಸಿ ಪಟ್ಟಿಯಲ್ಲಿ ಇರುವುದು ಆಲ್ಕೊಹಾಲ್, ಆಲ್ಡಿಹೈಡ್, ಕೀಟೋನ್, ಕಾರ್ಬಾಕ್ಸಿಲಿಕ್ ಆಮ್ಲ, ಎಸ್ಟರ್, ಅಮೈಡ್ ಇಂಥವು. ಜೊತೆಗೆ ಸ್ಟೀರಿಯೋಕೆಮಿಸ್ಟ್ರಿ (ಅಣುವಿನ ಮೂರು ಆಯಾಮದ ಆಕಾರ), ಅಣುವಿನ ರಚನೆ ಪತ್ತೆ ಹಚ್ಚುವ ಐಆರ್, ಎನ್‌ಎಂಆರ್ ವಿಧಾನಗಳು, ಮಿಶ್ರಣ ಬೇರ್ಪಡಿಸುವ ವಿಧಾನಗಳು. ಮೊದಲ ಸೆಮಿಸ್ಟರ್‌ನಲ್ಲಿ ವಾರಗಟ್ಟಲೆ ತಿನ್ನುವ ಆಲ್ಕೀನ್ ರಿಯಾಕ್ಷನ್‌ಗಳು ಈ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಆದರೆ ಆಲ್ಡಿಹೈಡ್‌ನಿಂದ ಅಮೈಡ್‌ವರೆಗೆ ಎಲ್ಲದರಲ್ಲೂ ಇರುವ ಕಾರ್ಬೊನಿಲ್ (ಕಾರ್ಬನ್-ಆಕ್ಸಿಜನ್ ಜೋಡಿ ಬಂಧ) ಸಂಗತಿ ಮಾತ್ರ ಹೆಚ್ಚಿನ ಕಾಲೇಜುಗಳಲ್ಲಿ ಬರುವುದೇ ಎರಡನೇ ಸೆಮಿಸ್ಟರ್‌ಗೆ. ನಿಮ್ಮ ಮಗಳು ಬಿಡಲು ಹೊರಟಿರುವುದು ಪರೀಕ್ಷೆಗೆ ಜಾಸ್ತಿ ಬೇಕಾದ ಅರ್ಧವನ್ನು.

ಬಯೋಕೆಮಿಸ್ಟ್ರಿಗೂ ಅದೇ ತಳಪಾಯ. ಪ್ರೋಟೀನ್‌ನ ಅಮೈನೊ ಆಮ್ಲಗಳನ್ನು ಜೋಡಿಸುವ ಪೆಪ್ಟೈಡ್ ಬಂಧ ಅಂದರೆ ಅಮೈಡ್ ಬಂಧವೇ. ಕೈಮೋಟ್ರಿಪ್ಸಿನ್ ಎಂಬ ಜೀರ್ಣ ಕಿಣ್ವ ಅದನ್ನು ಕತ್ತರಿಸುವಾಗ ಅದರ ಸೆರೀನ್‌ನ ಆಕ್ಸಿಜನ್ ಹೋಗಿ ಕಾರ್ಬೊನಿಲ್ ಕಾರ್ಬನ್ ಮೇಲೆ ಬೀಳುತ್ತದೆ. ಗ್ಲೈಕಾಲಿಸಿಸ್‌ನ (ಜೀವಕೋಶ ಗ್ಲೂಕೋಸ್ ಒಡೆಯುವ ದಾರಿ) ಆಲ್ಡೊಲೇಸ್ ಕಿಣ್ವ ಮಾಡುವುದು ಆಲ್ಡಾಲ್ ರಿಯಾಕ್ಷನ್ನನ್ನೇ ಉಲ್ಟಾ. ಇದು ಗೊತ್ತಿದ್ದವರು ಅರ್ಥ ಮಾಡಿಕೊಂಡು ಓದುತ್ತಾರೆ. ಗೊತ್ತಿಲ್ಲದವರು ಬಾಯಿಪಾಠ ಮಾಡುತ್ತಾರೆ.

ಪ್ರಶ್ನೆ ಹೇಗಿರುತ್ತದೆ ಅಂತ ತಿಳಿಯಲು ಒಂದು ಮಾದರಿ. ಈಥರ್‌ನಲ್ಲಿ ಬೆಂಜೋಯಿಕ್ ಆಮ್ಲ, ಫೀನಾಲ್, ನ್ಯಾಫ್ತಲೀನ್ ಮೂರೂ ಕರಗಿವೆ. ಮೊದಲು ಸೋಡಿಯಂ ಬೈಕಾರ್ಬೊನೇಟ್ ನೀರು ಹಾಕಿ ಕುಲುಕುತ್ತೀರಿ. ನೀರಿಗೆ ಇಳಿಯುವುದು ಯಾವುದು? ಬೆಂಜೋಯಿಕ್ ಆಮ್ಲ ಮಾತ್ರ. ಅದರ ಪಿಕೆಎ (ಆಮ್ಲದ ಬಲದ ಅಳತೆ, ಕಮ್ಮಿ ಇದ್ದಷ್ಟೂ ಬಲ ಹೆಚ್ಚು) ಸುಮಾರು 4.2, ಹಾಗಾಗಿ ಬೈಕಾರ್ಬೊನೇಟ್‌ನಂಥ ಬಡಪಾಯಿ ಪ್ರತ್ಯಾಮ್ಲವೂ ಅದರ ಪ್ರೋಟಾನ್ ಕಿತ್ತುಕೊಂಡು ಅದನ್ನು ನೀರಿನಲ್ಲಿ ಕರಗುವ ಲವಣ ಮಾಡುತ್ತದೆ. ಫೀನಾಲ್‌ನ ಪಿಕೆಎ ಸುಮಾರು 10. ಅದು ಜಗ್ಗುವುದು ಸೋಡಿಯಂ ಹೈಡ್ರಾಕ್ಸೈಡ್ ಬಂದಾಗಲೇ. ನ್ಯಾಫ್ತಲೀನ್ ಯಾವುದಕ್ಕೂ ಕ್ಯಾರೇ ಅನ್ನದೆ ಈಥರ್‌ನಲ್ಲೇ ಉಳಿಯುತ್ತದೆ. ಇಲ್ಲಿ ಉದ್ದುದ್ದ ಸಿಂಥೆಸಿಸ್ ಬರೆಯುವ ಕೆಲಸ ಇಲ್ಲ. ಯಾವುದು ಎಷ್ಟು ಆಮ್ಲೀಯ, ಯಾಕೆ ಅನ್ನುವುದು ಗೊತ್ತಿದ್ದರೆ ಸಾಕು.

ಹಾಗಾದರೆ ಏನು ಮಾಡಬೇಕು? ಮೊದಲು ಮಗಳು ಅರ್ಜಿ ಹಾಕುವ ಮೆಡಿಕಲ್ ಸ್ಕೂಲ್‌ಗಳ ನಿಯಮ ನೋಡಲಿ. ಕೆಲವು ಕಡೆ ಲ್ಯಾಬ್ ಸಮೇತ ಪೂರಾ ಒಂದು ವರ್ಷದ ಆರ್ಗ್ಯಾನಿಕ್ ಕೇಳುತ್ತಾರೆ. ಕೆಲವರಿಗೆ ಒಂದು ಸೆಮಿಸ್ಟರ್ ಜೊತೆ ಬಯೋಕೆಮಿಸ್ಟ್ರಿ ಆದರೂ ನಡೆಯುತ್ತದೆ. ಎಎಎಂಸಿಯ ಎಂಎಸ್‌ಎಆರ್ ಎಂಬ ಮಾಹಿತಿಕೋಶದಲ್ಲಿ ಸ್ಕೂಲ್‌ವಾರು ವಿವರ ಸಿಗುತ್ತದೆ. ಅವಳ ಕಾಲೇಜಿನಲ್ಲಿ ಬಯೋಕೆಮಿಸ್ಟ್ರಿಗೆ ಸೇರಲು ಎರಡನೇ ಆರ್ಗ್ಯಾನಿಕ್ ಕಡ್ಡಾಯವಾಗಿದ್ದರಂತೂ ಚರ್ಚೆಯೇ ಇಲ್ಲ.

ಆಯ್ಕೆ ಇದ್ದರೆ ನಾನು ಹೇಳುವುದು ಹೀಗೆ: ಎರಡನೇ ಸೆಮಿಸ್ಟರ್ ತಗೊಳ್ಳಲಿ, ಆಮೇಲೆ ಬಯೋಕೆಮಿಸ್ಟ್ರಿ, ಅದು ಮುಗಿದ ಮೇಲೆ ಎಂಕ್ಯಾಟ್. ಸಮಯ ಸಾಲದೇ ಹೋದರೆ ಪರೀಕ್ಷೆಗೆ ಮುಂಚೆ ಬಯೋಕೆಮಿಸ್ಟ್ರಿ ಮುಗಿಯುವುದು ಮುಖ್ಯ. ಆರ್ಗ್ಯಾನಿಕ್ ಎರಡನೇ ಸೆಮಿಸ್ಟರನ್ನು ಆಮೇಲೂ ಮಾಡಬಹುದು, ಆದರೆ ಕಾರ್ಬೊನಿಲ್ ಅಧ್ಯಾಯಗಳನ್ನು ಬಯೋಕೆಮಿಸ್ಟ್ರಿ ಶುರುವಾಗುವ ಮೊದಲೇ ಸ್ವಂತವಾಗಿ ಓದಿಕೊಳ್ಳಬೇಕು.

ಬೇಸಿಗೆಯ ಕೆಲವೇ ವಾರಗಳಲ್ಲಿ ಆರ್ಗ್ಯಾನಿಕ್ ಮುಗಿಸುವ ಆಸೆಗೆ ಮಾತ್ರ ಹುಷಾರು. ಅರ್ಜಿಯಲ್ಲಿ ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಗಣಿತದ ಜಿಪಿಎಯನ್ನು ಬೇರೆಯಾಗಿಯೇ ಲೆಕ್ಕ ಹಾಕುತ್ತಾರೆ. ಎಂಕ್ಯಾಟ್ ಚೆನ್ನಾಗಿ ಆಗದಿದ್ದರೆ ಮತ್ತೆ ಬರೆಯಬಹುದು. ಅವಸರದಲ್ಲಿ ಬಂದ ಸಿ ಗ್ರೇಡ್ ಅಲ್ಲೇ ಕೂತಿರುತ್ತದೆ, ಕೋರ್ಸ್ ಮತ್ತೆ ಮಾಡಿದರೂ ಹಳೆಯದು ಲೆಕ್ಕಕ್ಕೆ ಸೇರುತ್ತದೆ.