ಕುಸುಮ ರೋಗ: ಔಷಧಿ ಬಂತು, ರೋಗಿ ಎಲ್ಲಿ?

ಮೊಣಕಾಲು ಬಾತರೆ ನಮ್ಮ ಕಡೆ ಮೊದಲ ಮದ್ದು ಶಾಖ. ಇಟ್ಟಿಗೆ ಕಾಸಿ, ಹಳೆ ಸೀರೆ ತುಂಡಿನಲ್ಲಿ ಸುತ್ತಿ ಒತ್ತುತ್ತಾರೆ. ಆಮೇಲೆ ಎಣ್ಣೆ ಹಚ್ಚಿ ತಿಕ್ಕುತ್ತಾರೆ. ಕೊಪ್ಪಳದ ನಮ್ಮ ಓಣಿಯಲ್ಲಿ ಒಬ್ಬ ಹುಡುಗನಿದ್ದ. ಚಿಣಿದಾಂಡು ಆಡಿ ಬಂದರೆ ಸಾಕು, ಸಂಜೆಯೊಳಗೆ ಅವನ ಮೊಣಕಾಲು ತೆಂಗಿನಕಾಯಿ ಗಾತ್ರ ಆಗುತ್ತಿತ್ತು. ಅಜ್ಜಿ ಶಾಖ ಕೊಟ್ಟಷ್ಟೂ ಬಾವು ಏರುತ್ತಿತ್ತು. ‘ವಾಯು ಕುಂತೈತಿ’ ಅಂತ ಎಲ್ಲರ ತೀರ್ಮಾನ. ಹಾಲುಹಲ್ಲು ಬಿದ್ದಾಗ ಎರಡು ದಿನವಾದರೂ ರಕ್ತ ನಿಲ್ಲಲಿಲ್ಲ ನೋಡಿ, ಆಗ ಯಾರೋ ಒಬ್ಬ ಡಾಕ್ಟರು ದಾವಣಗೆರೆಗೆ ಚೀಟಿ ಬರೆದರು. ಕೀಲಿನೊಳಗೆ ತುಂಬಿಕೊಂಡಿದ್ದದ್ದು ರಕ್ತ. ಅದಕ್ಕೆ ಇಡಬೇಕಾದದ್ದು ಐಸ್. ಅಷ್ಟು ವರ್ಷ ಆ ಮನೆಯವರು ಪ್ರೀತಿಯಿಂದಲೇ ಉಲ್ಟಾ ಮಾಡುತ್ತ ಬಂದಿದ್ದರು.

ಇದು ಹಿಮೋಫಿಲಿಯಾ. ಕನ್ನಡದಲ್ಲಿ ಕುಸುಮ ರೋಗ ಅನ್ನುತ್ತಾರೆ. ಹೆಸರು ಚೆಂದವಿದೆ, ರೋಗ ಹಾಗಿಲ್ಲ. ರಕ್ತ ಹೆಪ್ಪುಗಟ್ಟಲು ಸರಪಳಿಯಂತೆ ಒಂದರ ಹಿಂದೊಂದು ಕೆಲಸ ಮಾಡುವ ಪ್ರೋಟೀನುಗಳಲ್ಲಿ ಎಂಟನೆಯದು ಕಡಿಮೆಯಿದ್ದರೆ ಹಿಮೋಫಿಲಿಯಾ ಎ, ಒಂಬತ್ತನೆಯದು ಕಡಿಮೆಯಿದ್ದರೆ ಬಿ. ಈ ಪ್ರೋಟೀನುಗಳಿಗೆ ಫ್ಯಾಕ್ಟರ್ ಅನ್ನುತ್ತಾರೆ. ಆ ಫ್ಯಾಕ್ಟರ್ ಸಾಮಾನ್ಯ ಮಟ್ಟದ ಶೇ 1ಕ್ಕಿಂತ ಕೆಳಗಿದ್ದರೆ ತೀವ್ರ ಸ್ವರೂಪ; ಅಂಥವರಿಗೆ ಪೆಟ್ಟು ಬೀಳದೆಯೂ ಕೀಲಿನಲ್ಲಿ ರಕ್ತ ಒಸರುತ್ತದೆ. ಎರಡೂ ಜೀನ್‌ಗಳು ಎಕ್ಸ್ ವರ್ಣತಂತುವಿನ ಮೇಲಿರುವುದರಿಂದ ರೋಗ ಕಾಣುವುದು ಬಹುಪಾಲು ಗಂಡುಮಕ್ಕಳಲ್ಲಿ, ಬರುವುದು ತಾಯಿಯ ಕಡೆಯಿಂದ. ಹಾಗಂತ ಸೊಸೆಯ ತವರನ್ನು ಬಯ್ಯಲು ಹೊರಡುವವರು ಒಂದು ಮಾತು ಕೇಳಬೇಕು: ಸುಮಾರು ಮೂರರಲ್ಲಿ ಒಂದು ಪ್ರಕರಣದಲ್ಲಿ ಮನೆತನದ ಹಿಂದಿನವರಲ್ಲಿ ಯಾರಿಗೂ ರೋಗವಿರುವುದಿಲ್ಲ, ಜೀನ್ ಹೊಸದಾಗಿ ಕೆಟ್ಟಿರುತ್ತದೆ.

ಎಷ್ಟು ಜನರಿರಬಹುದು? ಹುಟ್ಟುವ ಗಂಡುಮಕ್ಕಳಲ್ಲಿ ಸುಮಾರು 5,000ಕ್ಕೆ ಒಬ್ಬರಿಗೆ ‘ಎ’ ಇರುತ್ತದೆ ಎಂಬುದು ಹಳೆಯ, ಸಂಯಮದ ಲೆಕ್ಕ. 2011ರ ಜನಗಣತಿಯಲ್ಲಿ ಕೊಪ್ಪಳ 13.9 ಲಕ್ಷ, ರಾಯಚೂರು 19.3 ಲಕ್ಷ, ಆಗಿನ್ನೂ ಒಡೆಯದ ಬಳ್ಳಾರಿ 24.5 ಲಕ್ಷ. ಒಟ್ಟು 57 ಲಕ್ಷ ಮೀರುತ್ತದೆ. ಅರ್ಧ ಗಂಡಸರು ಅಂತ ಹಿಡಿದು ಭಾಗಿಸಿದರೆ ಐದುನೂರಕ್ಕೂ ಹೆಚ್ಚು ಮಂದಿ. ಎಳವೆಯಲ್ಲೇ ತೀರಿಕೊಂಡವರನ್ನು ಕಳೆದರೂ ಸಣ್ಣ ಸಂಖ್ಯೆಯೇನಲ್ಲ. ಆದರೆ ನಿಮ್ಮೂರಲ್ಲಿ ಕೇಳಿ ನೋಡಿ. ‘ಕಾಲು ಸೊಟ್ಟ’ ಇರುವವನು, ‘ಪೋಲಿಯೊ ಆದವನು’ ಸಿಗುತ್ತಾನೆ, ಕುಸುಮ ರೋಗದವನು ಸಿಗುವುದಿಲ್ಲ. ಪದೇ ಪದೇ ರಕ್ತ ತುಂಬಿ ಸವೆದ ಕೀಲು ಬಾಗಿ ನಿಂತಾಗ ಊರು ಅದಕ್ಕೆ ತನಗೆ ಗೊತ್ತಿರುವ ಹೆಸರನ್ನೇ ಇಟ್ಟಿರುತ್ತದೆ.

ಇಂಥ ರೋಗದ ನೆರವಿನ ಕತೆಯನ್ನು ರೋಗಿಗಳೇ ಶುರು ಮಾಡಿದರು. 1963ರಲ್ಲಿ ವಿಶ್ವ ಹಿಮೋಫಿಲಿಯಾ ಒಕ್ಕೂಟ ಕಟ್ಟಿದ ಫ್ರಾಂಕ್ ಶ್ನಾಬೆಲ್ ಮಾಂಟ್ರಿಯಲ್‌ನ ವ್ಯಾಪಾರಿ, ತೀವ್ರ ಹಿಮೋಫಿಲಿಯಾ ಇದ್ದವರು. ಅವರ ಜನ್ಮದಿನ ಏಪ್ರಿಲ್ 17ನ್ನೇ 1989ರಿಂದ ವಿಶ್ವ ಹಿಮೋಫಿಲಿಯಾ ದಿನವಾಗಿ ಆಚರಿಸುತ್ತಾರೆ. ಭಾರತದ ಒಕ್ಕೂಟ ದೆಹಲಿಯಲ್ಲಿ ಹುಟ್ಟಿದ್ದು 1983ರಲ್ಲಿ. ನಮಗೆ ಹತ್ತಿರದ ಹೆಸರು ಕರ್ನಾಟಕ ಹಿಮೋಫಿಲಿಯಾ ಸೊಸೈಟಿ. ಅದನ್ನು ದಾವಣಗೆರೆಯಲ್ಲಿ ಬೆಳೆಸಿದ ಡಾ. ಸುರೇಶ್ ಹನಗವಾಡಿ ಅಲ್ಲಿನ ಜೆಜೆಎಂ ವೈದ್ಯಕೀಯ ಕಾಲೇಜಿನಲ್ಲಿ ರೋಗಶಾಸ್ತ್ರ ಕಲಿಸಿದವರು, ಸ್ವತಃ ಕುಸುಮ ರೋಗ ಇರುವವರು. ಬಳ್ಳಾರಿ, ಕೊಪ್ಪಳದ ಕಡೆಯ ಮನೆಗಳಲ್ಲಿ ‘ದಾವಣಗೆರೆಗೆ ಹೋಗಿದ್ವಿ’ ಅಂದರೆ ಬೆಣ್ಣೆದೋಸೆಯ ಮಾತೇ ಆಗಿರಬೇಕಿಲ್ಲ.

ಔಷಧಿಯ ಕತೆಗೂ ನೆರವಿನ ಕತೆಗೂ ಗಂಟು ಬಿದ್ದಿದೆ. ಮೊದಲು ಇದ್ದದ್ದು ಬರೀ ರಕ್ತ, ಇಲ್ಲವೆ ಅದರ ದ್ರವಭಾಗವಾದ ಪ್ಲಾಸ್ಮಾ. 1964ರ ಹೊತ್ತಿಗೆ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಜುಡಿತ್ ಪೂಲ್ ಎಂಬ ವಿಜ್ಞಾನಿ ಒಂದು ಸಂಗತಿ ಗಮನಿಸಿದರು: ಐಸ್‌ನಂತೆ ಗಟ್ಟಿಯಾಗಿಸಿದ ಪ್ಲಾಸ್ಮಾವನ್ನು ತಣ್ಣಗೇ ಇಟ್ಟು ನಿಧಾನಕ್ಕೆ ಕರಗಿಸಿದರೆ ತಳದಲ್ಲಿ ಗಸಿ ಕೂರುತ್ತದೆ, ಎಂಟನೇ ಫ್ಯಾಕ್ಟರ್ ಅದರಲ್ಲೇ ಸೇರಿರುತ್ತದೆ. ಅದೇ ಕ್ರಯೋ. ಯಾವ ರಕ್ತನಿಧಿಯೂ ಮಾಡಬಹುದಾದಷ್ಟು ಸರಳ.

ಇದನ್ನೊಮ್ಮೆ ಮನೆಯ ಲೆಕ್ಕಕ್ಕೆ ಇಳಿಸೋಣ. ಕೆಜಿ ತೂಕಕ್ಕೆ ಒಂದು ಯೂನಿಟ್ ಕೊಟ್ಟರೆ ಎಂಟನೇ ಫ್ಯಾಕ್ಟರ್ ರಕ್ತದಲ್ಲಿ ಸುಮಾರು ಶೇ 2ರಷ್ಟು ಏರುತ್ತದೆ. 20 ಕೆಜಿಯ ಹುಡುಗನ ಮೊಣಕಾಲಿನ ರಕ್ತ ನಿಲ್ಲಿಸಲು ಶೇ 40ಕ್ಕೆ ಏರಿಸಬೇಕೆಂದರೆ 400 ಯೂನಿಟ್ ಬೇಕು. ಒಂದು ಚೀಲ ಕ್ರಯೋದಲ್ಲಿ ಇರುವುದು ಸುಮಾರು 80. ಐದು ಚೀಲ, ಅಂದರೆ ಐದು ಜನ ರಕ್ತ ಕೊಟ್ಟಿರಬೇಕು. ಅದೂ ಕೀಲು ಒಂದು ಸಲ ಬಾತದ್ದಕ್ಕೆ. ಹತ್ತು ಹನ್ನೆರಡು ಗಂಟೆಯಲ್ಲಿ ಅದರರ್ಧ ಕರಗಿಹೋಗಿರುತ್ತದೆ. ಹುಟ್ಟುಹಬ್ಬಕ್ಕೆ ಅಭಿಮಾನಿಗಳು ನಡೆಸುವ ರಕ್ತದಾನ ಶಿಬಿರಗಳ ಬಗ್ಗೆ ಮೊದಲು ನನಗೂ ಸ್ವಲ್ಪ ಅಸಡ್ಡೆಯಿತ್ತು. ಈ ಲೆಕ್ಕ ಹಾಕಿದ ಮೇಲೆ ಹೋಯಿತು.

ಆಮೇಲೆ ಬಂದದ್ದು ಪುಡಿ ರೂಪದ ಫ್ಯಾಕ್ಟರ್. ಸಾವಿರಾರು ಜನರ ಪ್ಲಾಸ್ಮಾ ಒಟ್ಟು ಸೇರಿಸಿ ಕಾರ್ಖಾನೆಯಲ್ಲಿ ತೆಗೆದದ್ದು. ಫ್ರಿಜ್ಜಿನಿಂದ ಸೀಸೆ ತೆಗೆದು, ನೀರು ಬೆರೆಸಿ, ಅಲುಗಾಡಿಸದೆ ಅಂಗೈಯಲ್ಲಿ ಮೆಲ್ಲಗೆ ಹೊರಳಿಸಿ, ಮನೆಯಲ್ಲೇ ನರಕ್ಕೆ ಚುಚ್ಚಿಕೊಳ್ಳಬಹುದಾಯಿತು. ಅದೇ ಸೀಸೆಗಳಲ್ಲಿ 1980ರ ದಶಕದಲ್ಲಿ ಎಚ್‌ಐವಿ ಬಂತು. ಅಮೆರಿಕದಲ್ಲಿ ಹಿಮೋಫಿಲಿಯಾ ಇದ್ದವರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಜನರಿಗೆ ಸೋಂಕು ತಗುಲಿತು. ಶ್ನಾಬೆಲ್ ಕೂಡ 1987ರಲ್ಲಿ ಏಡ್ಸ್‌ನಿಂದಲೇ ತೀರಿಕೊಂಡರು. ಎಂಟನೇ ಫ್ಯಾಕ್ಟರಿನ ಜೀನ್ ಅನ್ನು 1984ರಲ್ಲಿ ಬೇರ್ಪಡಿಸಿದ್ದರಿಂದ ಮನುಷ್ಯರ ರಕ್ತದ ಹಂಗಿಲ್ಲದೆ ಪ್ರಯೋಗಾಲಯದಲ್ಲೇ ಅದನ್ನು ತಯಾರಿಸುವ ದಾರಿ ತೆರೆಯಿತು. ಅಂಥ ಔಷಧಿ 1992ರಲ್ಲಿ ಮಾರುಕಟ್ಟೆಗೆ ಬಂತು. ಶುದ್ಧವಾಗಿತ್ತು, ತುಟ್ಟಿಯೂ ಆಗಿತ್ತು.

ತುಟ್ಟಿಯಾದದ್ದು ಬಡ ದೇಶಗಳಿಗೆ ದಾನವಾಗಿ ಬರತೊಡಗಿತು. ವಿಶ್ವ ಒಕ್ಕೂಟದ ಔಷಧಿ ನೆರವು 1996ರಲ್ಲಿ ಶುರುವಾಯಿತು. 2014ರಲ್ಲಿ ಎರಡು ಕಂಪನಿಗಳು 100 ಕೋಟಿ ಯೂನಿಟ್ ಫ್ಯಾಕ್ಟರ್ ತಯಾರಿಸಿ ಕೊಡುವುದಾಗಿ, ಅದರಲ್ಲಿ 50 ಕೋಟಿಯವರೆಗೆ ಐದು ವರ್ಷಗಳಲ್ಲಿ ಈ ಕಾರ್ಯಕ್ರಮಕ್ಕೆ ನೀಡುವುದಾಗಿ ಹೇಳಿದವು. ಸಾವಿರಾರು ಮಕ್ಕಳ ಕೀಲು ಉಳಿಸಿದ ಕೊಡುಗೆ ಅದು, ಅನುಮಾನವಿಲ್ಲ. ಆದರೂ ಒಂದು ಮಾತು ಹೇಳಬೇಕು. ಔಷಧಿ ಮಾರುವವರೇ ರೋಗಿಗಳ ಸಂಘಕ್ಕೆ ಹಣ ಕೊಡುವಾಗ ಸಂಘದ ಬಾಯಿ ಸ್ವಲ್ಪ ಕಟ್ಟಿದಂತಾಗುತ್ತದೆ. ಬೆಲೆ ಇಳಿಸಿ ಅಂತ ಗಟ್ಟಿಯಾಗಿ ಕೇಳುವವರು ಯಾರು? ಊರವರ ನೂರು ರೂಪಾಯಿಗೆ ಕಂಪನಿಯ ಕೋಟಿಗಿಂತ ಬೇರೆಯದೇ ತೂಕ ಇರುವುದು ಇಲ್ಲಿ.

ಸರ್ಕಾರ ಬಂದದ್ದು ತಡವಾಗಿ. ಬಂದಿತೆಂಬುದೂ ನಿಜ. ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಫ್ಯಾಕ್ಟರ್ ಉಚಿತವಾಗಿ ಕೊಡುವ ವ್ಯವಸ್ಥೆ ಆಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹಿಮೋಫಿಲಿಯಾವನ್ನು 21 ವೈಕಲ್ಯಗಳ ಪಟ್ಟಿಗೆ ಸೇರಿಸಿತು. ಸರ್ಕಾರಿ ವೈದ್ಯಕೀಯ ಕಾಲೇಜುಗಳ ಪೈಕಿ ಬಳ್ಳಾರಿಯಲ್ಲಿ ಮೊದಲಿನಿಂದ ವಿಮ್ಸ್ ಇತ್ತು. 2007ರಲ್ಲಿ ರಾಯಚೂರಿಗೆ ರಿಮ್ಸ್, 2015ರಲ್ಲಿ ಕೊಪ್ಪಳಕ್ಕೆ ಕಿಮ್ಸ್ ಬಂದವು. ದಾಸ್ತಾನು ಮುಗಿದು ‘ಮುಂದಿನ ವಾರ ಬನ್ರಿ’ ಅನ್ನಿಸಿಕೊಂಡು ಬಂದವರೂ ಇದ್ದಾರೆ. ಆದರೆ ಔಷಧಿ ಎಂಬುದೇ ಕನಸಾಗಿದ್ದ ಕಾಲ ಹೋಗಿದೆ.

ಹಾಗಾದರೆ ಈಗ ದಾನ ಯಾತಕ್ಕೆ? ನನ್ನ ಪ್ರಕಾರ ಉತ್ತರ ಸೀಸೆಯಲ್ಲಿಲ್ಲ. ಸೀಸೆಗೂ ಹುಡುಗನಿಗೂ ನಡುವೆ ಇರುವ ದಾರಿಯಲ್ಲಿದೆ. ಕುಷ್ಟಗಿಯ ಯಾವುದೋ ಹಳ್ಳಿಯಿಂದಲೋ ಮಾನ್ವಿಯ ಕಡೆಯಿಂದಲೋ ರಾತ್ರಿ ಹನ್ನೊಂದಕ್ಕೆ ಬಾವು ಶುರುವಾದರೆ ಬೆಳಗಿನ ಮೊದಲ ಬಸ್ಸಿಗೆ ಕಾಯಬೇಕು. ಶಕ್ತಿ ಯೋಜನೆ ಬಂದ ಮೇಲೆ, 2023ರ ಜೂನ್‌ನಿಂದ, ತಾಯಿಗೆ ಟಿಕೆಟ್ ಇಲ್ಲ, ಮಗನಿಗೆ ಇದೆ. ತಾಯಿಯ ಅವತ್ತಿನ ಕೂಲಿ ಹೋಯಿತು. ಮನೆಗೆ ಸೀಸೆ ಕೊಟ್ಟು ಕಳಿಸಿದರೆ ಅದು 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು, ಏಪ್ರಿಲ್ ತಿಂಗಳ ರಾಯಚೂರಿನಲ್ಲಿ. ಥರ್ಮಾಸ್‌ಗೆ ಐಸ್ ತುಂಬಿ, ಟವೆಲ್ ಸುತ್ತಿ, ಮಡಿಲಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಕೂತ ತಾಯಂದಿರನ್ನು ನಾನು ನೋಡಿದ್ದೇನೆ. ಕಂಡಕ್ಟರ್ ‘ಏನವ್ವಾ, ಕುಲ್ಫೀನಾ?’ ಅಂತ ಕೇಳಿ ನಕ್ಕದ್ದೂ ನೆನಪಿದೆ. ಬಸ್ ಚಾರ್ಜು, ಒಂದು ದಿನದ ಕೂಲಿ, ಐಸ್ ಡಬ್ಬಿ: ಇವಕ್ಕೆ ಹಣ ಎತ್ತುವುದು ಬಲು ಕಷ್ಟ. ಚೆಕ್ಕಿನ ದೊಡ್ಡ ಫಲಕ ಹಿಡಿದು ಫೋಟೊ ತೆಗೆಸಿಕೊಳ್ಳಲು ಬರುವುದಿಲ್ಲವಲ್ಲ.

ಅದಕ್ಕಿಂತ ಮೊದಲಿನ ಕೆಲಸ ಹುಡುಕುವುದು. ಒಬ್ಬ ಸಿಕ್ಕರೆ ಅವನ ತಾಯಿಯ ತವರಿಗೆ ಹೋಗಿ ಸೋದರಮಾವಂದಿರು, ದೊಡ್ಡಮ್ಮ ಚಿಕ್ಕಮ್ಮನ ಗಂಡುಮಕ್ಕಳು, ಅಕ್ಕತಂಗಿಯರು ಎಲ್ಲರನ್ನೂ ವಿಚಾರಿಸಬೇಕು. ನಮ್ಮಲ್ಲಿ ಅಕ್ಕನ ಮಗಳನ್ನು ತಂದುಕೊಳ್ಳುವ ರೂಢಿ ಇರುವುದರಿಂದ ಇದು ಇನ್ನಷ್ಟು ಮುಖ್ಯ. ಕುಸುಮ ರೋಗ ಇರುವವನು ರೋಗದ ಜೀನ್ ಹೊತ್ತ ಅಕ್ಕನ ಮಗಳನ್ನು ಮದುವೆಯಾದರೆ ಹುಟ್ಟುವ ಹೆಣ್ಣುಮಕ್ಕಳಿಗೂ ರೋಗ ಬರಬಹುದು. ಹಲ್ಲು ಕೀಳುವವರು, ಸುನ್ನತಿ ಮಾಡುವವರು, ಶಾಲೆಯ ಪಿಟಿ ಮೇಷ್ಟ್ರು, ಆಶಾ ಕಾರ್ಯಕರ್ತೆಯರು ಇಂಥ ಹುಡುಗರನ್ನು ಮೊದಲು ಕಾಣುವವರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ (ಐಸಿಎಂಆರ್) ಸೇರಿದ, ಮುಂಬೈನಲ್ಲಿರುವ ರಾಷ್ಟ್ರೀಯ ಇಮ್ಯುನೊಹೆಮಟಾಲಜಿ ಸಂಸ್ಥೆ ಹಿಮೋಫಿಲಿಯಾ ಎ ಪತ್ತೆಗೆ ಸುಲಭದ ಕಿಟ್ ರೂಪಿಸಿದೆ. ಸಂಶೋಧನೆಗೆ ಹಾಕಿದ ಹಣ ಹಳ್ಳಿಯ ಆಸ್ಪತ್ರೆಯ ಮೇಜಿಗೆ ಬರುವುದು ಹೀಗೆ.

ಸಂಶೋಧನೆಯ ದೊಡ್ಡ ಸುದ್ದಿ ಬಂದದ್ದು ವೆಲ್ಲೂರಿನಿಂದ. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಡಾ. ಅಲೋಕ್ ಶ್ರೀವಾಸ್ತವ ಅವರ ತಂಡ ತೀವ್ರ ಹಿಮೋಫಿಲಿಯಾ ಎ ಇದ್ದ ಐವರಿಗೆ ಅವರದೇ ರಕ್ತಮೂಲ ಕೋಶಗಳಲ್ಲಿ ಸರಿಯಾದ ಜೀನ್ ಸೇರಿಸಿ ಮರಳಿ ಕೊಟ್ಟಿತು. ಆಮೇಲೆ ಅವರಲ್ಲಿ ರಕ್ತಸ್ರಾವ ಕಾಣಿಸಿಕೊಳ್ಳಲಿಲ್ಲವೆಂದು 2024ರ ಡಿಸೆಂಬರಿನಲ್ಲಿ ವರದಿಯಾಯಿತು. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ಹಣವೂ ಇದರಲ್ಲಿತ್ತು. 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಹಿಮೋಫಿಲಿಯಾ ಬಿ ಜೀನ್ ಚಿಕಿತ್ಸೆಯ ಬೆಲೆ 35 ಲಕ್ಷ ಡಾಲರ್ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಇಲ್ಲಿಯೇ ಸಂಶೋಧನೆ ನಡೆಯಬೇಕು ಅನ್ನುವುದಕ್ಕೆ ಬೇರೆ ವಾದ ಬೇಡ.

ಹಣವಿಲ್ಲದ ಸೀಮೆಯೇನೂ ಅಲ್ಲ ನಮ್ಮದು. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ 2ನ್ನು ಸಾಮಾಜಿಕ ಕೆಲಸಕ್ಕೆ ತೆಗೆದಿಡಬೇಕು. 2015ರಿಂದ ಗಣಿ ಜಿಲ್ಲೆಗಳಿಗೆ ಖನಿಜ ಪ್ರತಿಷ್ಠಾನ ನಿಧಿಯಿದೆ, ಆರೋಗ್ಯ ಅದರ ಆದ್ಯತೆಗಳಲ್ಲಿ ಒಂದು. ಬಳ್ಳಾರಿಯ ಅದಿರು ಲಾರಿಗಳ ಧೂಳು ಕುಡಿದವರಿಗೆ ಆ ನಿಧಿಯ ಮೇಲೆ ಕೇಳುವ ಹಕ್ಕಿದೆ. ಕೇಳಲು ಮಾತ್ರ ಹೆಸರುಗಳ ಪಟ್ಟಿ ಬೇಕು. ಐದುನೂರು ಜನರಿರಬಹುದು ಎಂಬ ಅಂದಾಜಿಗೆ ಯಾವ ಅಧಿಕಾರಿಯೂ ಸಹಿ ಹಾಕುವುದಿಲ್ಲ.

ಸಣ್ಣ ದಾನಿಗಳಿಗೆ ಎರಡು ಮಾತು. ಸಂಘಕ್ಕೆ ದಾನಿಗೆ ತೆರಿಗೆ ವಿನಾಯಿತಿ ಕೊಡಿಸುವ (80ಜಿ) ನೋಂದಣಿ ಇದೆಯೇ, ಕಳೆದ ವರ್ಷದ ಲೆಕ್ಕ ತೋರಿಸುತ್ತಾರೆಯೇ ಕೇಳಿ. 2,000 ರೂಪಾಯಿಗಿಂತ ಹೆಚ್ಚಿನದನ್ನು ನಗದಾಗಿ ಕೊಟ್ಟರೆ ತೆರಿಗೆ ವಿನಾಯಿತಿ ಸಿಗದು. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗಂತೂ ಇಲ್ಲವೇ ಇಲ್ಲ. ಮಗುವಿನ ಅಳುಮುಖದ ಫೋಟೊ ಹಾಕಿ ಯುಪಿಐ ನಂಬರ್ ಕೊಡುವ ವಾಟ್ಸ್‌ಆ್ಯಪ್ ಸಂದೇಶಗಳನ್ನು ಆಸ್ಪತ್ರೆಗೆ ಫೋನ್ ಮಾಡದೆ ನಂಬಬೇಡಿ. ಒಮ್ಮೆಗೇ ದೊಡ್ಡ ಮೊತ್ತಕ್ಕಿಂತ ತಿಂಗಳಿಗೆ ಇನ್ನೂರಾದರೂ ತಪ್ಪದೆ ಬಂದರೆ ಸಂಘದವರಿಗೆ ಅನುಕೂಲ, ಬಾವು ದಿನ ನೋಡಿ ಬರುವುದಿಲ್ಲ.

ಕೊಪ್ಪಳದ ಗವಿಮಠದ ಜಾತ್ರೆಗೆ ಊರೂರಿನಿಂದ ಜೋಳದ ರೊಟ್ಟಿ ಬರುತ್ತವೆ. ಒಂದು ಮನೆಯಿಂದ ಹತ್ತು, ಇನ್ನೊಂದರಿಂದ ಐವತ್ತು. ಯಾರ ಮನೆಯ ರೊಟ್ಟಿ ಯಾರ ತಾಟಿಗೆ ಬಿತ್ತೆಂದು ಯಾರೂ ಕೇಳುವುದಿಲ್ಲ. ಪ್ರತಿ ವರ್ಷ ಒಂದು ವಿಷಯ ಹಿಡಿದು ಜಾಗೃತಿ ಜಾಥಾವೂ ಹೊರಡುತ್ತದೆ. ಆ ಜನಸಾಗರದಲ್ಲಿ ಒಂದು ಮೂಲೆಗೆ ಮೇಜು ಹಾಕಿ, ‘ಪೆಟ್ಟಿಲ್ಲದೆ ಕೀಲು ಬಾಯುವ ಹುಡುಗರು ನಿಮ್ಮ ಪೈಕಿ ಇದ್ದಾರೇನ್ರಿ?’ ಅಂತ ಬರೆದ ಒಂದು ಬೋರ್ಡು ನಿಲ್ಲಿಸಿದರೆ ಎಷ್ಟು ಹೆಸರು ಬಂದಾವು ಎಂದು ನಾನು ಹಲವು ಸಲ ಯೋಚಿಸಿದ್ದೇನೆ. ಓಣಿಯ ಆ ಹುಡುಗ ಈಗ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಬಲಗಾಲು ಪೂರ್ತಿ ಮಡಚುವುದಿಲ್ಲ. ಈ ಮಾತು ಹೇಳಿದಾಗ, ‘ಬೋರ್ಡು ನಾ ಬರಸ್ತೀನಿ, ಮೇಜಿಗೆ ಕುಂದ್ರಾಕ ಯಾರ ಬರ್ತೀರಿ ಹೇಳ್ರಿ’ ಅಂದ.