ತರ್ಟಿ ಫಾರ್ಟಿ ಸೈಟಿನಲ್ಲಿ ಯಾವ ಗಿಡ ಎಲ್ಲಿ?

ಕೈತೋಟ ಮಾಡಿಕೊಡಿ ಎಂದು ಕರೆಯುವವರು ಮೊದಲು ಮೊಬೈಲಿನಲ್ಲಿ ಯಾವುದೋ ಫೋಟೋ ತೋರಿಸುತ್ತಾರೆ. ನಾನು ಕೇಳುವುದು ಉತ್ತರ ಯಾವ ಕಡೆ ಅಂತ. ವಾಸ್ತು ನೋಡಲು ಬಂದವನು ಅಂದುಕೊಳ್ಳುತ್ತಾರೆ. ನನಗೆ ಬೇಕಾಗಿರುವುದು ಬಿಸಿಲಿನ ಲೆಕ್ಕ.

ಬೆಂಗಳೂರು, ಮೈಸೂರು ಕಡೆ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಸ್ವಲ್ಪ ಉತ್ತರಕ್ಕಿರುತ್ತಾನೆ. ಉಳಿದ ತಿಂಗಳೆಲ್ಲ ದಕ್ಷಿಣಕ್ಕೆ. ಡಿಸೆಂಬರ್‌ನಲ್ಲಂತೂ ಎಷ್ಟು ವಾಲುತ್ತಾನೆಂದರೆ, 20 ಅಡಿ ಎತ್ತರದ ಮನೆಯ ನೆರಳು ನಡುಮಧ್ಯಾಹ್ನವೂ ಉತ್ತರಕ್ಕೆ ಸುಮಾರು 15 ಅಡಿ ಬೀಳುತ್ತದೆ. ಮನೆಯ ಪಕ್ಕ ಬಿಟ್ಟಿರುವುದೇ ಮೂರೋ ನಾಲ್ಕೋ ಅಡಿ, ಅಲ್ವಾ? ಮೇ ತಿಂಗಳಲ್ಲಿ ಗೃಹಪ್ರವೇಶ ಮಾಡಿ, ಉತ್ತರದ ಓಣಿಯಲ್ಲಿ ಒಳ್ಳೆ ಬಿಸಿಲಿದೆ ಎಂದು ಗುಲಾಬಿ, ಟೊಮೆಟೊ ಹಾಕಿದವರು ಅಕ್ಟೋಬರ್ ಕಳೆಯುವ ಹೊತ್ತಿಗೆ ಗಿಡ ಸೊರಗಿದ್ದು ನೋಡಿ, ಮಣ್ಣು ಸರಿ ಇಲ್ಲ ಅಂತ ಗೊಬ್ಬರದ ಮೇಲೆ ಗೊಬ್ಬರ ಸುರಿಯುತ್ತಾರೆ. ಸುಮ್ನೆ ದಂಡ. ಆ ಓಣಿ ಒಂದೆಲಗ, ಕೆಸು, ವೀಳ್ಯದೆಲೆ ಬಳ್ಳಿ, ಜರಿಗಿಡಗಳಿಗೆ ಹೇಳಿ ಮಾಡಿಸಿದ ಜಾಗ. ದಕ್ಷಿಣದ ಕಡೆ ಬಿಸಿಲು ಜಾಸ್ತಿ ಎನ್ನುವುದು ನಿಜ, ಆದರೆ ಅಲ್ಲಿ ಪಕ್ಕದವರು ಎರಡು ಮಹಡಿ ಎಬ್ಬಿಸಿದ್ದರೆ ಚಳಿಗಾಲದ ಬಿಸಿಲನ್ನು ಮರೆತುಬಿಡಿ.

ಗೇಟಿನ ಪಕ್ಕದ ಪಾತಿಯ ಕಥೆ ಬೇರೆ. ಅಲ್ಲಿ ಬಿಸಿಲಿರುತ್ತದೆ, ಮಣ್ಣಿರುವುದಿಲ್ಲ. ಮನೆ ಕಟ್ಟುವಾಗ ಉಳಿದ ಸಿಮೆಂಟು, ಜಲ್ಲಿ, ಇಟ್ಟಿಗೆ ಚೂರು ಎಲ್ಲ ಅಲ್ಲೇ ಹೂತು ಮೇಲೆ ನಾಲ್ಕು ಬೆರಳು ಕೆಮ್ಮಣ್ಣು ಹರಡಿರುತ್ತಾರೆ. ಸಿಮೆಂಟಿನ ಸುಣ್ಣದಿಂದ ಮಣ್ಣು ಕ್ಷಾರವಾಗಿ, ಕಬ್ಬಿಣದ ಅಂಶ ಮಣ್ಣಿನಲ್ಲಿದ್ದರೂ ಬೇರಿಗೆ ಸಿಗುವುದಿಲ್ಲ. ಕೇಪಳದ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಇದೇ ಕಾರಣ ಇರಬಹುದು. ಗಿಡಕ್ಕೆ ಹಣ ಹಾಕುವ ಮುಂಚೆ ಒಂದೂವರೆ, ಎರಡು ಅಡಿ ಅಗೆಸಿ, ಡೆಬ್ರಿಸ್ ಹೊರಗೆ ಹಾಕಿಸಿ, ಕೆಮ್ಮಣ್ಣಿಗೆ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿಸಿ. ಆಮೇಲೆ ದಾಸವಾಳ, ಮಲ್ಲಿಗೆ ಏನು ಬೇಕಾದರೂ ಹಾಕಿ.

ದುಂಡುಮಲ್ಲಿಗೆಗೆ ಕತ್ತರಿ ಹಾಕಲು ತುಂಬಾ ಜನ ಹೆದರುತ್ತಾರೆ. ನವೆಂಬರ್ ಕೊನೆಗೆ ಒಂದೆರಡು ವಾರ ನೀರು ಕಡಿಮೆ ಮಾಡಿ, ಆಮೇಲೆ ನೆಲದಿಂದ ಒಂದೂವರೆ ಅಡಿಗೆ ಸವರಿ, ಗೊಬ್ಬರ ಕೊಟ್ಟು ನೀರು ಬಿಡಿ. ಹೂ ಬಿಡುವುದು ಹೊಸ ಚಿಗುರಿನಲ್ಲೇ. ಸವರದೆ ಬಿಟ್ಟ ಗಿಡ ಬರೀ ಪೊದೆಯಾಗಿ ಬೆಳೆಯುತ್ತದೆ.

ಹಿತ್ತಿಲು ಇದ್ದರೆ ಬಾಳೆಗೆ ಕೊಡಿ. ಬಟ್ಟೆ ಒಗೆದ ಮೊದಲ ಸೋಪಿನ ನೀರು ಚರಂಡಿಗೆ, ಜಾಲಿಸಿದ ನೀರು ಬಾಳೆಗೆ. ತಾಯಿ ಗಿಡದ ಜೊತೆ ಒಂದೆರಡು ಕಂದು ಬಿಟ್ಟು ಉಳಿದದ್ದು ತೆಗೆಯುತ್ತಿರಿ, ಇಲ್ಲದಿದ್ದರೆ ಗೊನೆ ಸಣ್ಣದಾಗುತ್ತದೆ. ನುಗ್ಗೆ ಹಾಕುವುದಾದರೆ ಮಲಗುವ ಕೋಣೆಯ ಕಿಟಕಿಯಿಂದ ದೂರ ಇರಲಿ. ಮಳೆಗಾಲದಲ್ಲಿ ಕಾಂಡದ ಮೇಲೆ ಕಂಬಳಿಹುಳ ಗುಂಪುಗುಂಪಾಗಿ ಕೂತಿದ್ದನ್ನು ನೋಡಿದವರಿಗೆ ಇದನ್ನು ಎರಡನೇ ಸಲ ಹೇಳಬೇಕಾಗಿಲ್ಲ. ಕೊಂಬೆಯೂ ಪೆಡಸು, ಗಾಳಿಗೆ ಲಟಕ್ಕನೆ ಮುರಿಯುತ್ತದೆ. ಮೂರು ನಾಲ್ಕು ಅಡಿಗೆ ತುದಿ ಚಿವುಟಿ ಗಿಡ್ಡವಾಗಿಯೇ ಬೆಳೆಸಿದರೆ ಕಾಯಿಯೂ ಕೈಗೆಟುಕುತ್ತದೆ.

ಉದುರಿದ ಎಲೆಯನ್ನು ಗುಡಿಸಿ ಸುಡಬೇಡಿ, ಪಾತಿಗೇ ಹೊದಿಸಿ. ಬೇಸಿಗೆಯಲ್ಲಿ ನೀರು ಉಳಿಯುತ್ತದೆ.

ಇನ್ನು ಲಾನ್. ಹುಲ್ಲಿಗೆ ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು, ಕತ್ತರಿಸುವವರು ಬೇಕು, ಬೇಸಿಗೆಯಲ್ಲಿ ಟ್ಯಾಂಕರ್ ನೀರು ಹಾಕಲು ಮನಸ್ಸೂ ಬೇಕು. ತರ್ಟಿ ಫಾರ್ಟಿಯಲ್ಲಿ ಅಷ್ಟು ಬಿಸಿಲು ಬೀಳುವ ಜಾಗದಲ್ಲಿ ಸಾಮಾನ್ಯವಾಗಿ ಕಾರು ನಿಂತಿರುತ್ತದೆ. ಹಾಗಾಗಿ ನಾನು ಬೇಡ ಅಂತಲೇ ಹೇಳುತ್ತೇನೆ.